ಹಲ್ಕ್ ಹಸಿರಾಗಿದ್ದು ಪ್ರೆಸ್ಸಿನ ದೆಸೆಯಿಂದ

ಈಗ ಫೋನ್ ತೆಗೆದ್ರೆ ಸಾಕು, ಬ್ಯಾಟ್‌ಮ್ಯಾನ್ ಮೊಘಲ್ ದರ್ಬಾರಲ್ಲಿ ಕೂತಿರ್ತಾನೆ, ಐರನ್‌ಮ್ಯಾನ್ ಯಾವ್ದೋ ಹಳೇ ಚರ್ಚಿನ ಗೋಡೆ ಮೇಲೆ ಇರ್ತಾನೆ. ಎಐಗೆ ಒಂದು ಸಾಲು ಟೈಪ್ ಮಾಡಿದ್ರೆ ಬಂದ್ಬಿಡತ್ತೆ. ಮೊದಮೊದ್ಲು ನೋಡಿದಾಗ ಅಬ್ಬಾ ಅನ್ಸತ್ತೆ, ಆಮೇಲೆ ಎಲ್ಲಾ ಒಂದೇ ಥರ ಕಾಣತ್ತೆ, ಯಾಕಂದ್ರೆ ಬದ್ಲಾಗಿರೋದು ಬಟ್ಟೆ ಮಾತ್ರ, ಒಳಗಡೆ ಅದೇ ಜಿಮ್ ಬಾಡಿ, ಅದೇ ಸಿನಿಮಾ ಪೋಸ್ಟರ್ ಲೈಟಿಂಗು, ಮೇಲೊಂದಿಷ್ಟು ಹಳೇ ಕಾಗದದ ಕಲೆ.

ಒಂದು ಕಾಲದ ಚಿತ್ರ ಹಾಗೆ ಕಾಣೋಕೆ ಆಗಿನವ್ರ ಕೈಲಿ ಏನ್ ಸಾಮಾನಿತ್ತು, ಯಾವ ಬಣ್ಣ ಸಿಗ್ತಿತ್ತು ಅನ್ನೋದೇ ಮುಖ್ಯ ಕಾರಣ ಅಂತ ನಂಗನ್ಸತ್ತೆ. ಹಲ್ಕ್‌ನ್ನೇ ತಗೊಳಿ. ಮಾರ್ವೆಲ್ ಕಾಮಿಕ್ಸಿನ ಆ ಹಸಿರು ದೈತ್ಯ, 1962ರ ಮೊದಲ ಸಂಚಿಕೇಲಿ ಅವ್ನು ಬೂದು ಬಣ್ಣ. ಆದ್ರೆ ಆ ಬೂದು ಪ್ರಿಂಟ್‌ನಲ್ಲಿ ಒಂದೇ ಸಮ ಬರ್ಲೇ ಇಲ್ಲ, ಒಂದ್ ಕಡೆ ತಿಳಿ, ಒಂದ್ ಕಡೆ ಗಾಢ, ಸರಿ ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿದ್ರು, ಅಷ್ಟೇ ಕಥೆ. ಆಗಿನ ಕಾಮಿಕ್ಸ್ ಅಂದ್ರೆ ಅಗ್ಗದ ನ್ಯೂಸ್‌ಪ್ರಿಂಟು, ಕಪ್ಪು ಗೆರೆ, ಅದರ ಮೇಲೆ ನೀಲಿ, ಕೆಂಪು, ಹಳದಿ. ಒಂದೊಂದು ಬಣ್ಣಾನೂ ಕಾಲು, ಅರ್ಧ, ಪೂರ್ತಿ, ಇಲ್ಲಾಂದ್ರೆ ಹಾಕೋದೇ ಇಲ್ಲ. ಗುಣಿಸಿ ನೋಡಿ, ಒಟ್ಟು 64. ಹಳೇ ಕಾಮಿಕ್ಸಲ್ಲಿ ಕಾಣೋ ಆ ಬಣ್ಣದ ಚುಕ್ಕಿಗಳು, ಆ ಕಣ್ಣು ಕುಕ್ಕೋ ಕೆಂಪು-ನೀಲಿ ಡ್ರೆಸ್ಸು, ಎಲ್ಲಾ ಈ ಬಡತನದಲ್ಲೇ ಹುಟ್ಟಿದ್ದು.

ಅದಕ್ಕೇ ಸೂಪರ್‌ಹೀರೋಗಳಿಗೆ ಯುರೋಪಿನ ಆಯಿಲ್ ಪೇಂಟಿಂಗ್‌ಗಿಂತ ಜಪಾನಿನ ಮರದಚ್ಚಿನ ಚಿತ್ರಗಳು, ಅಂದ್ರೆ ಉಕಿಯೊ-ಎ, ಜಾಸ್ತಿ ಹೊಂದತ್ತೆ ಅಂತ ನನ್ನ ವಾದ. ಅವೂ ಕಾಮಿಕ್ಸ್ ಥರಾನೇ ರಾಶಿಗಟ್ಲೆ ಅಚ್ಚಾಗಿ ಬೀದಿ ಜನಕ್ಕೆ ಮಾರಾಟ ಆಗ್ತಿದ್ದ ಸರಕು. ಕಾಮಿಕ್ಸಲ್ಲಿ ಪೆನ್ಸಿಲ್ ಒಬ್ರು, ಇಂಕ್ ಒಬ್ರು, ಕಲರ್ ಒಬ್ರು, ಇಲ್ಲೂ ಬರೆಯೋನು ಬೇರೆ, ಮರ ಕೆತ್ತೋನು ಬೇರೆ, ಅಚ್ಚು ಹಾಕೋನು ಬೇರೆ, ದುಡ್ಡು ಹಾಕೋ ಪಬ್ಲಿಷರ್ ಇನ್ನೊಬ್ಬ. ಉತಗಾವಾ ಕುನಿಯೋಶಿ ಅನ್ನೋ ಉಕಿಯೊ-ಎ ಕಲಾವಿದ 1827ರ ಹೊತ್ತಿಗೆ ಚೀನಾದ ಹಳೇ ಕಥೆಯೊಂದರ 108 ದರೋಡೆಕೋರ ವೀರರನ್ನ ಬರೆಯೋಕೆ ಶುರು ಮಾಡ್ದ, ಮೈತುಂಬ ಹಚ್ಚೆ, ಉಬ್ಬಿದ ಮಾಂಸಖಂಡ, ಚೌಕಟ್ಟು ಒಡ್ಕೊಂಡು ಹೊರಗೆ ಬರೋ ಹಾಗೆ ಪೋಸು. ಅದೊಂದು ಕೇಪ್ ಇಲ್ಲ ಅಷ್ಟೇ!

ಈಗ 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಮುಖಪುಟ ನೆನಪಿಸ್ಕೊಳಿ, ಜೋ ಶುಸ್ಟರ್ ಬರೆದಿದ್ದು, ಬೆಲೆ ಹತ್ತು ಸೆಂಟು. ಸೂಪರ್‌ಮ್ಯಾನ್ ಹಸಿರು ಕಾರನ್ನ ಎತ್ತಿ ಬಂಡೆಗೆ ಬಡೀತಿದಾನೆ, ಕೆಳಗೆ ಎಡ ಮೂಲೇಲಿ ಒಬ್ಬ ತಲೆ ಹಿಡ್ಕೊಂಡು ನಮ್ಮ ಕಡೆಗೇ ಓಡಿ ಬರ್ತಿದಾನೆ. ಇದನ್ನ ಮರದಚ್ಚಿಗೆ ಇಳಿಸ್ಬೇಕಂದ್ರೆ ಏನೇನ್ ಮಾಡ್ಬೇಕು? ಮೊದ್ಲು ನೆರಳು ತೆಗೀರಿ, ಮೈಕಟ್ಟೆಲ್ಲ ಬರೀ ಗೆರೇಲೇ ಬರ್ಬೇಕು, ದಪ್ಪ ಆಗಿ ಸಣ್ಣ ಆಗೋ ಗೆರೆ. ಹಿಂದಿರೋ ಹಳದಿ ಒಂದೇ ಸಮ ಇರೋಹಾಗಿಲ್ಲ, ಹಲಗೆ ಒದ್ದೆ ಮಾಡಿ ಬಣ್ಣಾನ ಬ್ರಶ್‌ನಲ್ಲಿ ಎಳ್ದು ಮೇಲಿಂದ ಕೆಳಗೆ ತಿಳಿ ಆಗ್ತಾ ಹೋಗೋ ಹಾಗೆ ಮಾಡ್ಬೇಕು, ಬೊಕಾಶಿ ಅಂತಾರೆ ಇದಕ್ಕೆ, ಅದೂ ಪ್ರತಿ ಹಾಳೆಗೂ ಕೈಯಲ್ಲೇ. ಡ್ರೆಸ್ಸಿನ ನೀಲಿಗೆ ಪ್ರಷ್ಯನ್ ಬ್ಲೂ, ಇನ್ನೊಬ್ಬ ಉಕಿಯೊ-ಎ ಕಲಾವಿದ ಹೊಕುಸಾಯಿಯ ಆ ಫೇಮಸ್ ಅಲೆ ಚಿತ್ರಕ್ಕೆ ಬಳಸಿದ ಬಣ್ಣಾನೇ, ಅದೂ ಯುರೋಪಿಂದ ಬಂದ ಮಾಲು. ತಲೆ ಹಿಡ್ಕೊಂಡಿರೋ ಆ ಮನುಷ್ಯನ್ನ ಮಾತ್ರ ಜಾಸ್ತಿ ಮುಟ್ಟೋದೇ ಬೇಡ, ಆ ಗಾಬರಿ ಮುಖ ಆಗಲೇ ಕಬುಕಿ, ಅಂದ್ರೆ ಜಪಾನಿನ ಹಳೇ ನಾಟಕದ, ನಟನದ್ದು.

ಬೇರೆಯವ್ರು ಮಾಡಿರೋದ್ರಲ್ಲಿ ನಂಗೆ ಇಷ್ಟ ಆಗಿರೋದೂ ಹೀಗೆ ಸಾಮಾನಿನ ಕಡೆಯಿಂದ ಹೋದವ್ರದ್ದೇ. ಮಾರ್ವೆಲ್ ಹೀರೋಗಳನ್ನ 1602ನೇ ಇಸವಿಗೆ ಕೊಂಡೊಯ್ಯೋ ಮಾರ್ವೆಲ್ 1602 ಕಾಮಿಕ್ಸ್ ಬಂದಿದ್ದು 2003ರಲ್ಲಿ, ಒಳಗಿನ ಪುಟಗಳಿಗಿಂತ ಸ್ಕಾಟ್ ಮೆಕೋವನ್ ಮಾಡಿದ ಮುಖಪುಟಗಳೇ ಆ ಕಾಲಕ್ಕೆ ಹತ್ರ ಅನ್ಸತ್ತೆ, ಕಪ್ಪು ಬೋರ್ಡನ್ನ ಬ್ಲೇಡಲ್ಲಿ ಕೆರೆದು ಬಿಳಿ ತೆಗೆಯೋ ಕೆಲ್ಸ ಅದು. 1992ರ ಬ್ಯಾಟ್‌ಮ್ಯಾನ್ ಕಾರ್ಟೂನಲ್ಲಿ ಎರಿಕ್ ರಾಡೊಮ್ಸ್ಕಿ ಬ್ಯಾಕ್‌ಗ್ರೌಂಡ್‌ಗಳನ್ನ ಕಪ್ಪು ಕಾಗದದ ಮೇಲೇ ಬರೆಸಿದ್ರು, 1940ರ ಆಸುಪಾಸಿನದು ಅನ್ನಿಸೋ ಗಾಥಮ್, ಅಂದ್ರೆ ಅವ್ನ ಊರು, ತಾನಾಗೇ ಬಂತು. ಫೋಟೋಗ್ರಾಫರ್ ಸಾಶಾ ಗೋಲ್ಡ್‌ಬರ್ಗರ್ ಹಲ್ಕ್‌ಗೆ ಯುರೋಪಿನ ಹಳೇ ಫ್ಲೆಮಿಶ್ ಶ್ರೀಮಂತರ ಮಡಿಕೆ ಕಾಲರ್ ಹಾಕಿ ತೆಗೆದ ಫೋಟೋನೂ ಚೆನ್ನಾಗಿದೆ ಬಿಡಿ, ಆದ್ರೆ ಅದು ನೋಡಿ ನಗೋಕೆ.

ಮರದಚ್ಚಲ್ಲಿ ನಿಜವಾಗ್ಲೂ ಕೈ ಹಾಕಿದವ್ರು ಜೆಡ್ ಹೆನ್ರಿ ಮತ್ತೆ ಡೇವಿಡ್ ಬುಲ್. ಅವ್ರು ತಗೊಂಡಿದ್ದು ವಿಡಿಯೋ ಗೇಮ್ ಪಾತ್ರಗಳನ್ನ, ಬುಲ್ ಟೋಕಿಯೋದಲ್ಲಿ ಕೂತು ಮರ ಕೆತ್ತೋದು ಯೂಟ್ಯೂಬಲ್ಲಿದೆ, ಟೈಮ್ ಇದ್ರೆ ನೋಡಿ.

ನಂಗೆ ಬೇಕಾಗಿರೋದು ಮಾರ್ವೆಲ್ ಕಲಾವಿದ ಜ್ಯಾಕ್ ಕರ್ಬಿಯ ಗ್ಯಾಲಕ್ಟಸ್, ಗ್ರಹಗಳನ್ನೇ ನುಂಗೋ ದೈತ್ಯ. ಕುನಿಯೋಶಿ ಮೂರು ಹಾಳೆ ಜೋಡಿಸಿ ಒಂದು ದೈತ್ಯ ಅಸ್ಥಿಪಂಜರ ಬರ್ದಿದಾನಲ್ಲ, ಪರದೆ ಹರ್ಕೊಂಡು ಬಗ್ಗಿ ನೋಡತ್ತೆ, ಅದೇ ಜಾಗದಲ್ಲಿ ಗ್ಯಾಲಕ್ಟಸ್ ಬಗ್ಗಿ ನೋಡ್ಬೇಕು, ಸುತ್ತ, ಶಕ್ತಿ ಸಿಡಿಯೋದನ್ನ ತೋರ್ಸೋಕೆ ಕರ್ಬಿ ಬರೀತಿದ್ದ ಆ ಕಪ್ಪು ಚುಕ್ಕಿಗಳ ಗುಂಪು ಅಲೆಯ ನೊರೆ ಥರ ಸಿಡೀಬೇಕು. ಯಾರಾದ್ರೂ ಮಾಡಿದ್ರೆ ಲಿಂಕ್ ಕಳ್ಸಿ ಮಾರಾಯ್ರೆ, ಎಐದು ಬೇಡ.