ಎಂಟು ಮಿಲಿಮೀಟರ್‌ಗೆ ಐದು ವಾರ

ಬಂತು! ಸೀಟ್‌ಪೋಸ್ಟ್, ಅಂದರೆ ಸೈಕಲ್ ಸೀಟನ್ನು ಹೊತ್ತ ಕೊಳವೆ, ಹೊರಗೆ ಬಂತು. ಇಡಿಯಾಗಿ ಅಲ್ಲ, ಮೂರು ತುಂಡಾಗಿ. ಆದರೂ ಬಂತಲ್ಲ.

ಹಿಂದಿನ ಸಲ ಬರೆದಾಗ ಸೈಕಲ್ ತಯಾರು ಅಂದಿದ್ದೆ. ಇಪ್ಪತ್ತೆರಡು ವರ್ಷ ಮೂಲೆಯಲ್ಲಿ ನಿಂತಿದ್ದ ಸ್ಟೀಲ್ ಫ್ರೇಮ್. ಕೇಬಲ್, ಚೈನು, ಟೈರು ಎಲ್ಲ ಹೊಸದು, ಹಬ್‌ಗಳಿಗೆ ಹೊಸ ಗ್ರೀಸು. ಆ ಕೆಲಸ ನೀವೂ ಮಾಡಿರುತ್ತೀರಿ, ಮತ್ತೆ ಕೊರೆಯುವುದಿಲ್ಲ. ತಯಾರಾಗದೆ ಉಳಿದದ್ದು ನನ್ನ ನಲವತ್ತೊಂಬತ್ತರ ಮಂಡಿ.

ಮೊದಲ ಮೂರು ರೈಡ್ ಚೆನ್ನಾಗಿಯೇ ಆದವು. ನಾಲ್ಕನೆಯದರಲ್ಲಿ ಮಂಡಿಯ ಹಿಂದೆ ಎಳೆಯತೊಡಗಿತು. ಮುಂದೆ ನೋವಾದರೆ ಸೀಟು ತಗ್ಗು, ಹಿಂದೆ ನೋವಾದರೆ ಸೀಟು ಎತ್ತರ. ಈ ಲೆಕ್ಕ ನೂರಕ್ಕೆ ನೂರು ಸರಿಯಲ್ಲ, ಆದರೆ ಶುರು ಮಾಡಲು ಸಾಕು. ಗೋಡೆಗೆ ಬೆನ್ನು ಕೊಟ್ಟು, ಕಾಲ ಸಂದಿಗೆ ಪುಸ್ತಕ ಸಿಕ್ಕಿಸಿ ಕಾಲಿನ ಒಳ ಉದ್ದ ಅಳೆದೆ: 83 ಸೆಂ.ಮೀ. ಸೀಟಿನ ಎತ್ತರಕ್ಕೆ ಸೈಕಲ್ ರೇಸರ್ ಗ್ರೆಗ್ ಲೆಮಾಂಡ್ ಹೆಸರಿನ ಸೂತ್ರದಂತೆ 0.883ರಿಂದ ಗುಣಿಸಿದರೆ 73.3. ಪೆಡಲ್ ತೋಳುಗಳು ತಿರುಗುವ ಅಚ್ಚು, ಅಂದರೆ ಬಾಟಮ್ ಬ್ರಾಕೆಟ್ ನಡುವಿನಿಂದ ಸೀಟಿನ ತನಕ ನನ್ನ ಸೈಕಲ್ಲಿನಲ್ಲಿ ಇದ್ದದ್ದು 74.1. ಇಪ್ಪತ್ತೇಳರಲ್ಲಿ ಸೀಟು ಎತ್ತರ ಇದ್ದಷ್ಟೂ ರೇಸರ್ ಥರ ಕಾಣುತ್ತೇನೆ ಅನ್ನುವ ಭ್ರಮೆ ಇತ್ತು. ತೊಡೆಯ ಹಿಂದಿನ ಸ್ನಾಯುಗಳು ಅದನ್ನು ಆಗ ಸಹಿಸಿಕೊಂಡವು. ಈಗ ಶೂ ಲೇಸ್ ಕಟ್ಟಬೇಕಾದರೂ ಅವುಗಳ ಅಪ್ಪಣೆ ಕೇಳಬೇಕು.

ಸರಿ, 8 ಮಿ.ಮೀ. ಇಳಿಸಬೇಕು. ಎರಡು ನಿಮಿಷದ ಕೆಲಸ ಅಲ್ವಾ? ಬೋಲ್ಟ್ ಸಡಿಲವಾಯಿತು. ಪೋಸ್ಟ್ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಅಲ್ಯೂಮಿನಿಯಂ ಪೋಸ್ಟು, ಸ್ಟೀಲ್ ಟ್ಯೂಬು, ನಡುವೆ ನನ್ನ ಹಳೇ ಬೆವರು. ಎರಡು ಲೋಹದ ಮಧ್ಯೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ. ಹಾಗೆ ಹುಟ್ಟುವ ಬಿಳಿ ಆಕ್ಸೈಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಜಾಗ ಇಲ್ಲದ ಕಡೆ ಉಬ್ಬಿ, ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ಅವತ್ತು ಒಂದು ಬೆರಳು ಗ್ರೀಸ್ ಸವರಿದ್ದರೆ ಸಾಕಿತ್ತು. ಸವರಬೇಕಿದ್ದವನು ನಾನೇ, ಹಾಗಾಗಿ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಮೊದಲ ವಾರ ಬಾಟಮ್ ಬ್ರಾಕೆಟ್ ಬಿಚ್ಚಿ, ಸೈಕಲ್ ತಲೆಕೆಳಗು ನಿಲ್ಲಿಸಿ, ಟ್ಯೂಬಿನೊಳಗೆ ತುಕ್ಕು ಬಿಡಿಸುವ ಎಣ್ಣೆ ಸುರಿದೆ. ನೆಲ ಚೆನ್ನಾಗಿ ಎಣ್ಣೆ ಕುಡಿಯಿತು. ಎರಡನೇ ವಾರ ಬುದ್ಧಿ ಕೆಟ್ಟು, ಡಬ್ಬಿಯ ಮುಚ್ಚಳಕ್ಕೆ ಬಿಸಿ ತಾಗಿಸುವ ಹಾಗೆ ಫ್ರೇಮಿಗೆ ಬಿಸಿಗಾಳಿ ಹೊಡೆದೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಅಂದರೆ ಕೈಯಾರೆ ಇನ್ನಷ್ಟು ಬಿಗಿ ಮಾಡುತ್ತಿದ್ದೆ! ತಣ್ಣಗೆ ಮಾಡಬೇಕಿತ್ತು. ಟೈರಿಗೆ ಗಾಳಿ ತುಂಬುವ 16 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಎರಡನ್ನು ಪೋಸ್ಟಿನ ಮೇಲೆ ಖಾಲಿ ಮಾಡಿದೆ. ಹಿಮ ಕಟ್ಟಿತು, ನೋಡಲು ಚೆಂದ ಇತ್ತು. ಆಮೇಲೆ ಲೆಕ್ಕ ಹಾಕಿದೆ. 27.2 ಮಿ.ಮೀ. ದಪ್ಪದ ಪೋಸ್ಟು, ಟ್ಯೂಬು ಎರಡೂ 50 ಡಿಗ್ರಿ ತಣ್ಣಗಾದರೆ ಸಿಗುವ ಸಂದು 0.015 ಮಿ.ಮೀ. ಅಷ್ಟೇ.

ಇಳಿಸುವುದು ತಾನೇ, ಮೇಲಿಂದ ಸುತ್ತಿಗೆ ಹಾಕು ಅಂದ ಗೆಳೆಯ. ಮರದ ತುಂಡಿಟ್ಟು ಹೊಡೆದೆ. ಮರ ಸೀಳಿತು.

ಮೂರನೇ ವಾರ ಪೋಸ್ಟಿನ ತಲೆಯನ್ನು ವೈಸ್‌ಗೆ ಕಚ್ಚಿಸಿ, ಇಡೀ ಫ್ರೇಮನ್ನೇ ಹಿಡಿಕೆ ಮಾಡಿಕೊಂಡು ತಿರುಗಿಸಿದೆ. ತಿರುಗಿತು! ಕುಣಿಯುವುದೊಂದು ಬಾಕಿ. ಆಮೇಲೆ ನೋಡಿದರೆ ಪೋಸ್ಟಿನ ಮೇಲೆ ಎತ್ತರಕ್ಕೆಂದು ಕೊರೆದಿದ್ದ ನೇರ ಗೆರೆ ಹಗ್ಗದ ಹುರಿಯ ಹಾಗೆ ಸುತ್ತಿಕೊಂಡಿದೆ. ಪೋಸ್ಟು ಫ್ರೇಮಿನೊಳಗೆ ಇಳಿಯುವ ಕಾಲರ್ ಹತ್ತಿರ ಕೂದಲೆಳೆಯಷ್ಟೂ ಕದಲಿಲ್ಲ. ಪೋಸ್ಟೇ ಹಿಂಡಿಹೋಗಿತ್ತು.

ಇನ್ನುಳಿದದ್ದು ಎರಡು ದಾರಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕರಗಿಸಿ ಸ್ಟೀಲನ್ನು ಬಿಡುತ್ತದೆ, ನಿಜ. ಆದರೆ ಕುದಿಯುತ್ತದೆ, ಹೈಡ್ರೋಜನ್ ಬಿಡುತ್ತದೆ, ಬಣ್ಣ ತಿನ್ನುತ್ತದೆ, ಕಣ್ಣಿಗೆ ಹಾರಿದರೆ ಮುಗಿಯಿತು. ಬೇಡಪ್ಪಾ. ತಲೆ ಕತ್ತರಿಸಿ, ಬರೀ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಪೋಸ್ಟಿನ ಒಳಗಿನಿಂದ ಉದ್ದಕ್ಕೆ ಸೀಳಲು ಕೂತೆ. ಒಳಗೆ ಇಳಿದಿದ್ದದ್ದು 11 ಸೆಂ.ಮೀ. ಪೋಸ್ಟಿನ ಗೋಡೆ ಎರಡು ಮಿ.ಮೀ. ಚಿಲ್ಲರೆ. ಅದು ಮುಗಿದ ಕೂಡಲೇ ಫ್ರೇಮಿನ ಟ್ಯೂಬು, ಅದು ಒಂದು ಮಿ.ಮೀ.ಗಿಂತ ತೆಳು. ಕತ್ತಲ ಕೊಳವೆಯೊಳಗೆ ಯಾವುದನ್ನು ಕೊಯ್ಯುತ್ತಿದ್ದೇನೆ ಅಂತ ಹೇಗೆ ಗೊತ್ತಾಗಬೇಕು?

ಆಯಸ್ಕಾಂತ! ಇಪ್ಪತ್ತು ಸಲ ಎಳೆಯುವುದು, ಪುಡಿಯನ್ನು ಕಾಗದದ ಮೇಲೆ ಉದುರಿಸುವುದು, ಕಾಗದದ ಅಡಿಯಲ್ಲಿ ಆಯಸ್ಕಾಂತ ಆಡಿಸುವುದು. ಅಲ್ಯೂಮಿನಿಯಂ ಪುಡಿ ಸುಮ್ನೆ ಬಿದ್ದಿರುತ್ತದೆ. ಒಂದೇ ಒಂದು ಕಣ ಎದ್ದು ನಿಂತರೂ ಅಲ್ಲಿಗೆ ಸ್ಟಾಪ್. ಆರು ಸಂಜೆ ಹೀಗೇ ಕಳೆದೆ. ಆರನೇ ಸಂಜೆ ಎರಡು ಚೂರು ಎದ್ದು ನಿಂತವು. ನನ್ನ ಕೂದಲೂ.

ಕೊಯ್ಯುವಾಗ ತಲೆ ಖಾಲಿ ಇರುತ್ತದಲ್ಲ, ಮುಂದಿನ ಪ್ರಾಜೆಕ್ಟ್ ಅಲ್ಲೇ ಹುಟ್ಟಿತು. ನನ್ನದು ಏಳು ಗೇರಿನ ಹಿಂದಿನ ಚಕ್ರ, ಫ್ರೇಮಿನಲ್ಲಿ ಅದರ ಅಚ್ಚು ಕೂರುವ ಡ್ರಾಪ್‌ಔಟ್ ಅಗಲ 126 ಮಿ.ಮೀ. ಅದನ್ನು 130ಕ್ಕೆ ಹಿಗ್ಗಿಸಿದರೆ ಹೊಸ ಹಬ್, ಅಂದರೆ ಚಕ್ರದ ನಡುಭಾಗ, ಕೂರುತ್ತದೆ. ಒಂದೊಂದು ಬದಿಗೆ ಎರಡೇ ಮಿ.ಮೀ., ಸ್ಟೀಲ್ ಬಗ್ಗುತ್ತದೆ. ಕಾರ್ಬನ್ ಫ್ರೇಮಿನವರು ಪ್ರಯತ್ನಿಸಬೇಡಿ. ಈಗ ಏರಿನಲ್ಲಿ ನನಗಿರುವ ಅತಿ ಹಗುರ ಗೇರು ಮುಂದಿನ 42 ಹಲ್ಲಿಗೆ ಹಿಂದಿನ 23 ಹಲ್ಲು. 34ಕ್ಕೆ 32 ಹಾಕಿದರೆ ಅನುಪಾತ 1.83ರಿಂದ 1.06ಕ್ಕೆ ಇಳಿಯುತ್ತದೆ. ಚೈನನ್ನು ಗೇರಿಂದ ಗೇರಿಗೆ ದಾಟಿಸುವ ಡಿರೇಲರ್ ಉದ್ದ ಕೇಜಿನದು ಬೇಕಾಗುತ್ತದೆ, ಬೇಕಾಗಲಿ. ಮರ್ಯಾದೆಗಿಂತ ಮಂಡಿ ದೊಡ್ಡದು.

ಇರಲಿ, ಪೋಸ್ಟಿಗೆ ಬರೋಣ. ಎದುರುಬದುರು ಎರಡು ಸೀಳು ಹಾಕಿ, ಒಂದು ಅಂಚನ್ನು ಇಕ್ಕಳದಲ್ಲಿ ಒಳಕ್ಕೆ ಸುರುಳಿ ಸುತ್ತಿದೆ. ‘ಟಕ್’ ಅಂತ ಬಿಟ್ಟಿತು. ಬಿಳಿ ಪುಡಿ ಸುಣ್ಣದ ಹಾಗೆ ಸುರಿಯಿತು.

ಅಷ್ಟರಲ್ಲಿ ಹೊಸ ಪೋಸ್ಟ್ ಬಂದಿತ್ತು. ಪ್ಯಾಕೆಟ್ ಮೇಲೆ 27.2, ಒಳಗೆ ಇದ್ದದ್ದು 26.8. ಮಾರಿದವರಿಗೆ ದಪ್ಪ ಅಳೆದ ಕ್ಯಾಲಿಪರ್ ಫೋಟೋ ಕಳಿಸಿದೆ. ‘ಬರೀ 0.4 ಅಲ್ವಾ ಸಾರ್, ಗಟ್ಟಿಯಾಗಿ ಬಿಗಿ ಮಾಡಿ’ ಅಂದರು. 0.2ಕ್ಕೊಂದು ಸೈಜ್ ಇರುವ ಪದಾರ್ಥ ಮಾರುವವರ ಮಾತು ಇದು! ಬದಲಿ ಬರಲು ಇನ್ನೊಂದು ವಾರ ಹಿಡಿಯಿತು.

ನಿನ್ನೆ ಟ್ಯೂಬಿನೊಳಗೆ ಮರಳುಕಾಗದ ಆಡಿಸಿ, ಧಾರಾಳವಾಗಿ ಗ್ರೀಸ್ ಬಳಿದು, ಪೋಸ್ಟ್ ಇಳಿಸಿದೆ. 73.3. ನಲವತ್ತು ಕಿಲೋಮೀಟರ್ ಹೋಗಿ ಬಂದೆ. ಮಂಡಿಯ ಹಿಂದೆ ಸದ್ದಿಲ್ಲ. ಸೊಂಟ ಮಾತ್ರ ಹ್ಯಾಂಡಲ್‌ಬಾರ್ ಎರಡು ಸೆಂ.ಮೀ. ಮೇಲೆ ಬರಲಿ ಅನ್ನುತ್ತಿದೆ.

ಹ್ಯಾಂಡಲ್‌ಬಾರ್ ಹಿಡಿದಿರುವ ಕ್ವಿಲ್ ಸ್ಟೆಮ್ಮೂ ಅಲ್ಯೂಮಿನಿಯಂ. ಅದು ಕೂತಿರುವ ಫೋರ್ಕಿನ ಕೊಳವೆ ಸ್ಟೀಲು. ರಾತ್ರಿಯೇ ಎಣ್ಣೆ ಬಿಟ್ಟಿದ್ದೇನೆ.