ಪಾಸ್‌ಬುಕ್ಕಲ್ಲಿ 20 ರೂಪಾಯಿ ಕಟ್ಟಾಗಿದೆ, ಇದೆಂಥದು?

ಜೂನ್ ಮೊದಲ ವಾರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದವರು ಶಿರಸಿಯಿರಲಿ, ಕುಮಟೆಯಿರಲಿ, ಕಾರವಾರವಿರಲಿ, ಕೇಳುವುದು ಒಂದೇ: “ಮೇ ಕೊನೆಗೆ ಒಂದು ಕಡೆ 20 ಹೋಗಿದೆ, ಇನ್ನೊಂದು ಕಡೆ 436. ಇದೆಂಥದು? ನಿಲ್ಲಿಸಿಬಿಡ್ಲಾ?”

20 ರೂಪಾಯಿ ಹೋಗಿದ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ. ಇದು ಬರೀ ಅಪಘಾತ ವಿಮೆ. 2015ರಲ್ಲಿ ಶುರುವಾದಾಗ ಕಂತು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ಆಯಿತು. 18ರಿಂದ 70 ವರ್ಷದವರಿಗೆ ಇದೆ. ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಶಾಶ್ವತವಾಗಿ ಹೋದರೂ 2 ಲಕ್ಷ. ಒಂದು ಕಣ್ಣೋ ಕೈಯೋ ಕಾಲೋ ಹೋದರೆ 1 ಲಕ್ಷ. 436 ಹೋಗಿದ್ದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ. ಅದು ಜೀವ ವಿಮೆ. ಅದರಲ್ಲಿ ಸಾವಿಗೆ ಕಾರಣ ಕಾಯಿಲೆಯಾದರೂ 2 ಲಕ್ಷ ಬರುತ್ತದೆ. ಸೇರಲು 50 ವರ್ಷದ ಒಳಗಿರಬೇಕು, ಕಂತು ತಪ್ಪದಿದ್ದರೆ 55ರವರೆಗೆ ನಡೆಯುತ್ತದೆ. ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ. ಎರಡರ ವರ್ಷವೂ ಜೂನ್ 1ರಿಂದ ಮೇ 31.

ಎರಡರಲ್ಲೂ ಆಸ್ಪತ್ರೆ ಖರ್ಚಿಗೆ ಒಂದು ರೂಪಾಯಿ ಬರುವುದಿಲ್ಲ. ಕಾಲು ಮುರಿದು ಪ್ಲೇಟ್ ಹಾಕಿಸಿ, ಬಿಲ್ಲುಗಳ ಕಟ್ಟು ಹಿಡಿದು ಬ್ಯಾಂಕಿಗೆ ಬರುವವರಿದ್ದಾರೆ. ಆ ಕೆಲಸಕ್ಕೆ ಇರುವುದು ಆಯುಷ್ಮಾನ್ ಕಾರ್ಡು, ಇದಲ್ಲ.

ಇನ್ನು “ಕೊಡ್ತಾರಾ ಖರೆ?” ಎನ್ನುವ ಪ್ರಶ್ನೆ. ಕೊಡುತ್ತಾರೆ. ಆದರೆ ನಮ್ಮ ಕಡೆ ಹಣ ಕೈತಪ್ಪುವುದು ಅಪಘಾತವಾದ ಮೊದಲ ದಿನವೇ, ಆಸ್ಪತ್ರೆಯ ಚೀಟಿಯಲ್ಲಿ.

ಹಾವಿನ ವಿಷಯವನ್ನೇ ತಗೊಳ್ಳಿ. ದರಕು (ಉದುರಿದ ಒಣ ಎಲೆ) ಗುಡಿಸುವಾಗ, ಸಂಜೆ ತೋಟಕ್ಕೆ ನೀರು ಬಿಡಲು ಹೋದಾಗ ಕಚ್ಚುತ್ತದೆ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಉಂಗುರ ಕಾಲ್ಗೆಜ್ಜೆ ಬಿಚ್ಚಿ, ಕೈಕಾಲು ಅಲುಗದಂತೆ ಕೋಲು ಇಟ್ಟು ಸಡಿಲವಾಗಿ ಸುತ್ತಿ. ಹಗ್ಗ ಬಿಗಿಯುವುದು, ಕೊಯ್ದು ರಕ್ತ ಹರಿಸುವುದು ಬೇಡ. ಬಿಗಿದ ಕಡೆ ಮಾಂಸ ಕೊಳೆತು ಕಾಲೇ ಹೋಗಬಹುದು. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕಿದ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ. ಹೊರಡುವಾಗಲೇ ಫೋನ್ ಮಾಡಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇದೆಯೇ ಎಂದು ಕೇಳಿಕೊಂಡರೆ ಮತ್ತೊಂದು ಊರಿಗೆ ಓಡುವುದು ತಪ್ಪುತ್ತದೆ. ಮಂತ್ರಿಸುವವರ ಮನೆಯಲ್ಲಿ ಎರಡು ತಾಸು ಕಳೆದರೆ ಜೀವಕ್ಕೂ ಕುತ್ತು, ದಾಖಲೆಯೂ ಇಲ್ಲ. ವಿಮೆಯ ನಿಯಮದಲ್ಲಿ ಹಾವು ಕಡಿತ ಮತ್ತು ಮರದಿಂದ ಬಿದ್ದ ಪ್ರಕರಣಕ್ಕೆ ಕೂಡಲೇ ಆದ ಆಸ್ಪತ್ರೆ ದಾಖಲೆಯೇ ಆಧಾರ.

ಜೊತೆಗೆ ಹೋದವರು ಡಾಕ್ಟರಿಗೆ ನಾಲ್ಕು ಮಾತು ಸರಿಯಾಗಿ ಹೇಳಬೇಕು: ಎಷ್ಟು ಗಂಟೆಗೆ, ಎಲ್ಲಿ, ಯಾವ ಕಾಲಿಗೆ, ಹಾವನ್ನು ಕಂಡವರು ಯಾರು. ಗಡಿಬಿಡಿಯಲ್ಲಿ “ಎಂಥದೋ ಕಚ್ಚಿದೆ” ಎಂದರೆ ಕೇಸ್ ಶೀಟಿನಲ್ಲೂ ‘ಅಪರಿಚಿತ ಕಡಿತ’ ಎಂದೇ ಕೂರುತ್ತದೆ. ಆಮೇಲೆ ಅದನ್ನು ತಿದ್ದಿಸುವುದು ಹರಸಾಹಸ. ಹಾವನ್ನು ಕೊಂದು ತರುವುದು ಬೇಡ, ದೂರದಿಂದ ಫೋಟೋ ಸಿಕ್ಕರೆ ಸಾಕು. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತ ಅಧಿಸೂಚಿತ ಪ್ರಕರಣ. ಆಸ್ಪತ್ರೆಯವರು ವರದಿ ಮಾಡಲೇಬೇಕು.

ಜೀವ ಉಳಿಯದಿದ್ದರೆ ಮನೆಯವರಿಗೆ ಬೇಗ ಕ್ರಿಯೆ ಮುಗಿಸುವ ಅವಸರವಿರುತ್ತದೆ, ಶವ ಕೊಯ್ಯಿಸಲು ಮನಸ್ಸು ಬರುವುದಿಲ್ಲ. ಆ ದುಃಖ ಅರ್ಥವಾಗುವಂಥದ್ದೇ. ಆದರೂ ಪೊಲೀಸರಿಗೆ ತಿಳಿಸಿ ಅಸ್ವಾಭಾವಿಕ ಮರಣ ಎಂದು ದಾಖಲಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ. ಚಿತೆಗೆ ಬೆಂಕಿ ಕೊಟ್ಟ ಮೇಲೆ ಸಾವಿಗೆ ಕಾರಣ ಏನೆಂದು ತೋರಿಸಲು ಏನೂ ಉಳಿಯುವುದಿಲ್ಲ.

ಅಡಿಕೆ ಮರದಿಂದ ಬೀಳುವುದರ ಕಥೆ ಬೇರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮರ ಜಾರುತ್ತದೆ, ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಮರಕ್ಕೆ ದಾಟುವಾಗ ಕೈ ತಪ್ಪುತ್ತದೆ. (ನೆಲದಲ್ಲೇ ನಿಂತು ಕೊಯ್ಯುವ ಉದ್ದನೆಯ ದೋಟಿ ಬಂದ ಮೇಲೆ ಹತ್ತುವವರು ಕಡಿಮೆಯಾಗಿದ್ದಾರೆ, ನಿಂತಿಲ್ಲ.) ತೋಟದ ಒಡೆಯರ ಮೇಲೆ ಕೇಸಾದೀತು ಎಂದು ಕೆಲವರು ಆಸ್ಪತ್ರೆಯಲ್ಲಿ “ಬಚ್ಚಲಲ್ಲಿ ಜಾರಿಬಿದ್ದ” ಎನ್ನುತ್ತಾರೆ, ಬ್ಯಾಂಕಿಗೆ ಬಂದು “ಮರದಿಂದ ಬಿದ್ದ” ಎಂದು ಬರೆಯುತ್ತಾರೆ. ಎರಡು ಕಾಗದ ಎರಡು ಮಾತಾಡಿದರೆ ವಿಮಾ ಕಂಪನಿ ಅರ್ಜಿಯನ್ನು ಬದಿಗಿಡುತ್ತದೆ. ಬೆನ್ನುಮೂಳೆ ಪೆಟ್ಟಾಗಿ ಎರಡೂ ಕಾಲು ಸ್ವಾಧೀನ ತಪ್ಪಿದರೆ ಜಿಲ್ಲಾ ಆಸ್ಪತ್ರೆಯ ಸರ್ಜನ್ ಕೊಡುವ ಅಂಗವೈಕಲ್ಯ ಪ್ರಮಾಣಪತ್ರ ಬೇಕು.

ಕಡಲಿಗೆ ಹೋದವರ ವಿಷಯದಲ್ಲಿ, ಮುಳುಗಿ ಸತ್ತರೆ ಪೊಲೀಸ್ ದೂರು ಬೇಕೇ ಬೇಕು. ಮೀನುಗಾರಿಕೆ ಇಲಾಖೆಯ ಮೂಲಕ ಹೆಸರು ನೋಂದಾಯಿಸಿದವರಿಗೆ ಮತ್ಸ್ಯ ಸಂಪದ ಯೋಜನೆಯಲ್ಲಿ ಬೇರೆಯೇ 5 ಲಕ್ಷದ ಅಪಘಾತ ವಿಮೆ ಇದೆ. ಸುರಕ್ಷಾ ಬಿಮಾದ ಹಣ ಬೇರೆ ವಿಮೆಯ ಮೇಲೆ ಹೆಚ್ಚುವರಿಯಾಗಿ ಬರುವಂಥದ್ದು. ಎರಡಕ್ಕೂ ಅರ್ಜಿ ಹಾಕಿ.

ಕ್ಲೇಮ್ ಅರ್ಜಿ ಬ್ಯಾಂಕಿನಲ್ಲಿ ಪುಕ್ಕಟೆ ಸಿಗುತ್ತದೆ. ಅಪಘಾತವಾಗಿ 30 ದಿನದೊಳಗೆ ಕೊಡಿ. ಮರಣ ಪ್ರಮಾಣಪತ್ರ ಬೇಕಾದ್ದರಿಂದ 21 ದಿನದೊಳಗೆ ಮರಣ ನೋಂದಣಿ ಮಾಡಿಸಿಕೊಳ್ಳಿ. ಹಣ ನೇರ ನಾಮಿನಿಯ ಖಾತೆಗೆ ಬರುತ್ತದೆ. “ನಾ ಮಾಡಿಸಿಕೊಡ್ತೆ, ಇಷ್ಟು ಪರ್ಸೆಂಟ್ ಕೊಡಿ” ಎಂದು ಬರುವವರಿಗೆ ಇಲ್ಲಿ ಮಾಡಲು ಏನೂ ಕೆಲಸವಿಲ್ಲ. ಕ್ಲೇಮ್ ಪಾಸಾಗಿದೆ, ಒಟಿಪಿ ಹೇಳಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸವೇ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಈಗ ನಿಲ್ಲಿಸುವ ಮಾತು. ಎಷ್ಟು ಖಾತೆಯಲ್ಲಿ ಕಂತು ಕಟ್ಟಾದರೂ ವಿಮೆ ಒಂದಕ್ಕೇ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು, ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇನಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಹಾಗಾಗಿ ಹಳೆ ಪಾಸ್‌ಬುಕ್ಕುಗಳನ್ನೆಲ್ಲ ಒಮ್ಮೆ ಹರಡಿಕೊಂಡು ನೋಡಿ. ಎರಡು ಕಡೆ ಕಟ್ಟಾಗುತ್ತಿದ್ದರೆ, ಸದಾ ವಹಿವಾಟಿರುವ ಖಾತೆಯಲ್ಲಿ ಉಳಿಸಿಕೊಂಡು ಇನ್ನೊಂದು ಶಾಖೆಗೆ ಬರಹದಲ್ಲಿ ಅರ್ಜಿ ಕೊಟ್ಟು ನಿಲ್ಲಿಸಿ. ದುಡ್ಡೆಲ್ಲ ಸೇವಾ ಸಹಕಾರಿ ಸಂಘದ ಖಾತೆಯಲ್ಲೇ ಇದೆ ಎನ್ನುವವರು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಒಂದು ಉಳಿತಾಯ ಖಾತೆ ಮಾಡಿಕೊಳ್ಳಬೇಕು. ಮೇ ಕೊನೆಯ ವಾರ ಅದರಲ್ಲಿ 456 ರೂಪಾಯಿಗಿಂತ ಸ್ವಲ್ಪ ಹೆಚ್ಚೇ ಇರಲಿ. ಎಸ್ಸೆಮ್ಮೆಸ್ ಶುಲ್ಕ ಹೋಗಿ ನಾಲ್ಕು ರೂಪಾಯಿ ಕಡಿಮೆ ಬಿದ್ದರೂ ಕಂತು ಕಟ್ಟಾಗುವುದಿಲ್ಲ, ವಿಮೆ ಅಲ್ಲಿಗೇ ನಿಲ್ಲುತ್ತದೆ. ಕೌಂಟರಿನಲ್ಲಿ ಇದ್ದಾಗಲೇ ನಾಮಿನಿ ಯಾರು ಎಂದೂ ಕೇಳಿ. ಮದುವೆಗೆ ಮುಂಚೆ ಮಾಡಿದ ಖಾತೆಯಲ್ಲಿ ಇನ್ನೂ ತೀರಿಹೋದ ಅಪ್ಪನ ಹೆಸರೇ ಇರುತ್ತದೆ.