ಮೇಲುಕೋಟೆ ಎರಡು ಸಲ ಬಂದಿದ್ದೇಕೆ? ಕನ್ನಡ ಟೆಕ್ಸ್ಟ್ ಟೈಪ್‌ನ ಟೆಸ್ಟ್ ಕೆಲಸದ ವರದಿ

ಮಂಡ್ಯ ಜಿಲ್ಲೆಯ ಊರು, ಕೆರೆಗಳ ಪಟ್ಟಿಗೆಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬರೆಯುತ್ತಿರುವ ಕನ್ನಡ ಟೆಕ್ಸ್ಟ್ ಟೈಪ್‌ನ (ಕನ್ನಡ ಬರಹ ಇಡುವ ಡೇಟಾ ಬಗೆಯ) ರಿಗ್ರೆಶನ್ ಟೆಸ್ಟ್‌ಗಳು (ಬಂದ ಉತ್ತರವನ್ನು ಮೊದಲೇ ಬರೆದಿಟ್ಟ ಉತ್ತರದ ಜೊತೆ ಹೋಲಿಸುವ ಪರೀಕ್ಷೆಗಳು) ಈಗ ಎರಡೂ ಕಡೆ ಪಾಸಾಗುತ್ತಿವೆ. ಮೈಸೂರಿನ ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲಿಂದಲೂ ಎಲ್ಲ ಸರಿಯಿತ್ತು. ಮಂಡ್ಯದ ಗೆಳೆಯ ಓಡಿಸಿ ನೋಡಿ ಫೋನ್ ಮಾಡಿದ: "ನಿಂದ್ರಲ್ಲಿ ಪಾಸು, ನಂದ್ರಲ್ಲಿ ಮೂರು ಫೇಲು ಕಣೋ." ಮೂರಕ್ಕೂ ಕಾರಣ ಬೇರೆ ಬೇರೆ.

ಈ ಟೈಪ್ ಯಾಕೆ ಬೇಕು ಅಂತ ಹೊಸಬರಿಗೆ ಹೇಳಿಬಿಡುತ್ತೇನೆ. ಮೇಲುಕೋಟೆ ಅನ್ನೋ ಹೆಸರನ್ನೇ ತಗೊಳ್ಳಿ. ಯೂನಿಕೋಡ್‌ನಲ್ಲಿ 'ಮೇ' ಬರೆಯಲು ಎರಡು ದಾರಿ. ಒಂದರಲ್ಲಿ ಏ-ಕಾರದ ಗುರುತು ಒಂದೇ ತುಂಡು. ಇನ್ನೊಂದರಲ್ಲಿ ಶಾಲೆಯ ಕಾಗುಣಿತದ ಹಾಗೆ ಎತ್ವ ಬೇರೆ, ದೀರ್ಘ ಬೇರೆ. 'ಕೋ' ಆದರೆ ಮೂರು ತುಂಡಾಗುತ್ತದೆ: ಎತ್ವ, ಕೊಂಬಿನ ದೀರ್ಘ, ದೀರ್ಘ. ಕೂಡಿಸಿ ಬರೆದ ಮೇಲುಕೋಟೆ 8 ಕೋಡ್‌ಪಾಯಿಂಟ್ (ಯೂನಿಕೋಡ್‌ನ ಬಿಡಿ ಗುರುತು), 24 ಬೈಟ್. ಬಿಡಿಸಿ ಬರೆದದ್ದು 11 ಕೋಡ್‌ಪಾಯಿಂಟ್, 33 ಬೈಟ್. ಕಣ್ಣಿಗೆ ಎರಡೂ ಒಂದೇ. ಮಾಮೂಲಿ ಟೆಕ್ಸ್ಟ್ ಟೈಪ್‌ಗೆ ಮಾತ್ರ ಬೇರೆ ಬೇರೆ. ನಮ್ಮ ಟೈಪ್ ಬರೆದದ್ದನ್ನು ಹಾಗೇ ಇಟ್ಟುಕೊಂಡು, ಹೋಲಿಸುವಾಗ ಮಾತ್ರ ಎರಡನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ.

ಮೊದಲನೇ ಫೇಲು ವಿಂಗಡಣೆಯದು. ನನ್ನಲ್ಲಿ ಮಹದೇವಪುರ ಮೊದಲು, ಮಳವಳ್ಳಿ ಆಮೇಲೆ. ಅವನಲ್ಲಿ ಉಲ್ಟಾ. ಅವನ ಸರ್ವರ್‌ನ ಲೊಕೇಲ್ (ಭಾಷೆ, ಕ್ರಮದ ಸೆಟ್ಟಿಂಗ್) 'ಸಿ', ಅಂದರೆ ಬರೀ ಬೈಟ್ ನೋಡಿ ಜೋಡಿಸುತ್ತದೆ. ಯೂನಿಕೋಡ್ ಕೋಷ್ಟಕದಲ್ಲಿ ಳ ಇರೋದು ಲ ಆದ ತಕ್ಷಣ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ನನ್ನ ಸರ್ವರ್ ಐಸಿಯು ಅನ್ನೋ ಯೂನಿಕೋಡ್ ಲೈಬ್ರರಿಯ ಕೊಲೇಶನ್ (ಜೋಡಿಸುವ ನಿಯಮ) ಬಳಸುತ್ತಿದ್ದರಿಂದ ವರ್ಣಮಾಲೆಯ ಕ್ರಮವೇ ಬಂದಿತ್ತು. ಈಗ ಪ್ರತಿ ಟೆಸ್ಟ್‌ನಲ್ಲೂ ಕೊಲೇಶನ್ ಹೆಸರಿಸಿದ್ದೇವೆ. ವರ್ಣಮಾಲೆ ಕ್ರಮದ ಟೆಸ್ಟ್ ಬೇರೆ ಫೈಲಿಗೆ ಹೋಗಿದೆ. ಐಸಿಯು ಇಲ್ಲದ ಕಡೆ ಅದು ತಾನೇ ನಿಂತುಬಿಡುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಒಂದೇ ಅಂತ ನೋಡುವ ಪೋಸ್ಟ್‌ಗ್ರೆಸ್‌ನ ಸಿಟೆಕ್ಸ್ಟ್ ಟೈಪ್‌ನವರು ಯುಟಿಎಫ್-8 ಟೆಸ್ಟ್‌ಗೆ ಇದೇ ಉಪಾಯ ಮಾಡಿದ್ದಾರೆ.

ಎರಡನೆಯದು ಉತ್ತರದ ತಪ್ಪೇ ಅಲ್ಲ. ಕಾಲಂ ಹೆಸರಿನ ಕೆಳಗಿನ ಗೆರೆ ಅವನಲ್ಲಿ ಒಂದು ಅಡ್ಡಗೀಟು ಜಾಸ್ತಿ ಇತ್ತು. ಅಕ್ಷರಗಳು ಕೂಡಿ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಗುರುತಿಗೆ ಅಗಲ ಕೊಡಬೇಕೋ ಬೇಡವೋ ಅನ್ನೋದು ಪೋಸ್ಟ್‌ಗ್ರೆಸ್‌ಗೆ ಕ್ವೆರಿ ಕೊಟ್ಟು ಉತ್ತರ ಮುದ್ರಿಸುವ ಪಿಎಸ್‌ಕ್ಯೂಎಲ್‌ನ ಆವೃತ್ತಿಯಿಂದ ಆವೃತ್ತಿಗೆ ಬೇರೆ. ಅಲೈನ್ ಮಾಡದೆ ಮುದ್ರಿಸುವ ಹಾಗೆ ಮಾಡಿದೆವು, ಮುಗೀತು.

ಮೂರನೆಯದೇ ನಿಜವಾದ ಬಗ್. ಹೋಬಳಿವಾರು ಕೆರೆ ಎಣಿಸುವ ಕ್ವೆರಿಯಲ್ಲಿ ಮೇಲುಕೋಟೆ ಎರಡು ಸಾಲಾಗಿ ಬಂದಿತ್ತು. ಡಿಫ್ ಫೈಲಿನಲ್ಲಿ (ನಿರೀಕ್ಷಿಸಿದ ಉತ್ತರಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಆ ಎರಡು ಸಾಲು ದಿಟ್ಟಿಸಿ ನೋಡಿದರೂ ವ್ಯತ್ಯಾಸ ಸಿಗಲ್ಲ. ಉದ್ದ ಕೇಳಿದಾಗ 8 ಮತ್ತು 11 ಬಂತು. ಎರಡನ್ನೂ ಸಮ ಚಿಹ್ನೆ ಹಾಕಿ ಹೋಲಿಸಿದರೆ ಸರಿ ಅಂತಲೇ ಉತ್ತರ. ಸಮ ಅಂದಮೇಲೆ ಬೇರೆ ಗುಂಪಿಗೆ ಹೋಗಿದ್ದು ಹೇಗೆ?

ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿದ ಮೇಲೆ ಗೊತ್ತಾಯಿತು. ನನ್ನ ಕಡೆ ಪ್ಲಾನರ್ (ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ) ಮೊದಲು ಸಾರ್ಟ್ ಮಾಡಿ ಗುಂಪು ಮಾಡುತ್ತಿತ್ತು. ಅವನ ಕಡೆ ಹ್ಯಾಶ್ ಅಗ್ರಿಗೇಟ್, ಅಂದರೆ ಪ್ರತಿ ಬೆಲೆಯಿಂದ ಹ್ಯಾಶ್ ಅನ್ನೋ ಒಂದು ಸಂಖ್ಯೆ ಲೆಕ್ಕ ಹಾಕಿ ಅದನ್ನು ನೋಡಿ ಗುಂಪು ಮಾಡುವುದು. ನಮ್ಮ ಟೈಪ್‌ನ ಹೋಲಿಕೆ ಫಂಕ್ಷನ್ ಕೂಡಿಸಿದ ರೂಪ ನೋಡುತ್ತದೆ, ಹ್ಯಾಶ್ ಫಂಕ್ಷನ್ ಮಾತ್ರ ಟೆಕ್ಸ್ಟ್‌ನದ್ದೇ, ಹಸಿ ಬೈಟ್‌ಗಳನ್ನು ಹ್ಯಾಶ್ ಮಾಡುತ್ತಿತ್ತು. ಎರಡು ಬೆಲೆ ಸಮ ಆದರೆ ಅವುಗಳ ಹ್ಯಾಶ್ ಕೂಡ ಸಮ ಇರಲೇಬೇಕು, ಪೋಸ್ಟ್‌ಗ್ರೆಸ್ ಇದನ್ನು ನಂಬಿಯೇ ಕೆಲಸ ಮಾಡುತ್ತದೆ. ಹ್ಯಾಶ್ ಬೇರೆಯಾದರೆ ಅದು ಸಮ ಚಿಹ್ನೆಯ ಹತ್ತಿರ ಹೋಗುವುದೇ ಇಲ್ಲ. ಎರಡು ಟೇಬಲ್‌ಗಳನ್ನು ಹ್ಯಾಶ್ ನೋಡಿ ಜೋಡಿಸುವ ಹ್ಯಾಶ್ ಜಾಯಿನ್‌ನಲ್ಲಿ ಇದು ಇನ್ನೂ ಕೆಟ್ಟದ್ದು, ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಕೆರೆಯೊಂದು ಪಟ್ಟಿಯಿಂದಲೇ ಕಾಣೆಯಾದರೆ ಯಾರಿಗೂ ಗೊತ್ತೇ ಆಗಲ್ಲ, ಅಲ್ವಾ?

ಈಗ ಹ್ಯಾಶ್ ಫಂಕ್ಷನ್ ಕೂಡ ಮೊದಲು ಕೂಡಿಸಿ, ಆಮೇಲೆ ಹ್ಯಾಶ್ ಮಾಡುತ್ತದೆ. ಹಳೆಯ ಹ್ಯಾಶ್ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಿದೆವು. ಬಿ-ಟ್ರೀ ಇಂಡೆಕ್ಸ್‌ಗಳು ಹ್ಯಾಶ್ ಅಲ್ಲ, ಹೋಲಿಕೆಯನ್ನೇ ನೋಡುವುದರಿಂದ ಅವಕ್ಕೆ ಅದರ ಅಗತ್ಯ ಇರಲಿಲ್ಲ. ಅದೇ ಕ್ವೆರಿಯನ್ನು ಒಮ್ಮೆ ಹ್ಯಾಶ್ ಅಗ್ರಿಗೇಟ್ ಆಫ್ ಮಾಡಿ, ಇನ್ನೊಮ್ಮೆ ಸಾರ್ಟ್ ಆಫ್ ಮಾಡಿ ಓಡಿಸುವ ಟೆಸ್ಟ್ ಸೇರಿಸಿದ್ದೇನೆ. ಪ್ಲಾನರ್ ಯಾವ ದಾರಿ ಹಿಡಿದರೂ ಉತ್ತರ ಒಂದೇ ಬರಬೇಕು.

ಬಂದ ಉತ್ತರವಿರುವ ರಿಸಲ್ಟ್ಸ್ ಫೋಲ್ಡರಿನ ಫೈಲನ್ನು ಸುಮ್ನೆ ನಿರೀಕ್ಷಿಸಿದ ಉತ್ತರವಿರುವ ಎಕ್ಸ್‌ಪೆಕ್ಟೆಡ್‌ಗೆ ಕಾಪಿ ಮಾಡಿದ್ದರೆ ಟೆಸ್ಟ್ ಅವತ್ತೇ ಪಾಸಾಗುತ್ತಿತ್ತು, ಎರಡು ಮೇಲುಕೋಟೆ ಸಮೇತ. ನಾವಿಬ್ಬರೂ ಡಿಫ್ ಸಾಲು ಸಾಲಾಗಿ ಓದಿದ್ದಕ್ಕೆ ಖುಷಿಯಿದೆ.

ಬಾಕಿ ಇರೋದು ಎರಡು. ನಮ್ಮ ಟೈಪ್‌ನ ಕಾಲಂ ಅನ್ನು ಟೆಕ್ಸ್ಟ್ ಕಾಲಂ ಜೊತೆ ಹೋಲಿಸಿದರೆ ಪೋಸ್ಟ್‌ಗ್ರೆಸ್ ಟೆಕ್ಸ್ಟ್ ಕಡೆಗೇ ವಾಲುತ್ತದೆ, ಸಿಟೆಕ್ಸ್ಟ್‌ನಲ್ಲೂ ಹೀಗೇ. ಅಲ್ಲಿ ಕಾಸ್ಟ್ (ಟೈಪ್ ಬದಲಿಸುವ ಸೂಚನೆ) ಬರೆಯಲೇಬೇಕು ಅಂತ ರೀಡ್‌ಮಿಗೆ ಹಾಕುತ್ತೇನೆ. ಇನ್ನೊಂದು ಕೆ.ಆರ್. ಪೇಟೆ. ಕೆಲವರ ಕೀಬೋರ್ಡ್‌ನಿಂದ 'ರ್' ಆದ ಮೇಲೆ ಝಡ್‌ಡಬ್ಲ್ಯುಎನ್‌ಜೆ ಬಂದು ಕೂರುತ್ತದೆ, ಕೂಡಿಸುವ ಕ್ರಮ ಅದನ್ನು ತೆಗೆಯುವುದಿಲ್ಲ. ಹೋಲಿಕೆಯಲ್ಲಿ ಅದನ್ನು ಬಿಟ್ಟುಬಿಡೋಣ ಅಂತ ನನ್ನ ಅಭಿಪ್ರಾಯ. ಗೆಳೆಯ ಇನ್ನೂ ಒಪ್ಪಿಲ್ಲ. ತನ್ನ ಆಕ್ಷೇಪವನ್ನು ಸಮರ್ಥಿಸುವ ಹೆಸರುಗಳನ್ನು ಹುಡುಕಿ ಟೆಸ್ಟ್ ಬರೆಯುತ್ತಿದ್ದಾನೆ.